ಹುಲಿಗವ್ವ ನೋಡದ ಆಟ

ಮುನಿರಾಬಾದಿನ ಡ್ಯಾಮ್ ಕಾಲೊನಿಗೆ ಹೋಗುವ ರಸ್ತೆಯಲ್ಲಿ ನನ್ನ ಅಂಗಡಿ. ಫ್ಯಾನು, ಮಿಕ್ಸರ್, ಟಿವಿ ಮಾರುತ್ತೇನೆ, ಡಿಶ್ ರಿಚಾರ್ಜ್ ಮಾಡುತ್ತೇನೆ. ರಿಚಾರ್ಜ್ ಮಾಡುವವನಿಗೆ ಊರಿನ ಮನೆಗಳ ಒಳಗುಟ್ಟು ಕೇಳದೆಯೇ ತಿಳಿಯುತ್ತದೆ. ಯಾರ ಮನೆಯಲ್ಲಿ ಸೊಸೆಯ ಧಾರಾವಾಹಿ ಗೆದ್ದಿತು, ಯಾರ ಮನೆಯಲ್ಲಿ ಅತ್ತೆಯ ಭಕ್ತಿ ಚಾನೆಲ್ ಗೆದ್ದಿತು, ಯಾವ ಗಂಡಸು ಎರಡಕ್ಕೂ ಸೋತು ನನ್ನ ಅಂಗಡಿ ಮುಂದಿನ ಬೆಂಚಿಗೆ ಬಂದು ಕೂತ, ಎಲ್ಲ ನನಗೆ ಗೊತ್ತು. ಕ್ರಿಕೆಟ್ ಬಂದಾಗ ಆಟದ ಚಾನೆಲ್ ಹಾಕಿಸುತ್ತಾರೆ, ಮುಗಿದ ಮರುದಿನ ತೆಗೆಸುತ್ತಾರೆ. ಬಾಸ್ಕೆಟ್‌ಬಾಲ್ ಬರುವ ಚಾನೆಲ್ಲನ್ನು ವರ್ಷವಿಡೀ ಇಟ್ಟುಕೊಂಡಿದ್ದ ಮನೆ ಮಾತ್ರ ಒಂದೇ. ಅದು ಕಾಳಪ್ಪನದು.

ಕಾಳಪ್ಪ ಎಡದಂಡೆ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವನು. ಕಾಲೊನಿಯಲ್ಲಿ ಇಂಜಿನಿಯರುಗಳ ಸಂಸಾರ ತುಂಬಿದ್ದ ಕಾಲದಲ್ಲಿ ಹಾಕಿಸಿದ ಸಿಮೆಂಟಿನ ಬಾಸ್ಕೆಟ್‌ಬಾಲ್ ಅಂಗಳ ಒಂದಿದೆ. ಹುಡುಗನಾಗಿದ್ದಾಗ ಕಾಳಪ್ಪ ಅಲ್ಲಿ ಸಾಹೇಬರ ಮಕ್ಕಳಿಗೆ ಚೆಂಡು ಹೆಕ್ಕಿ ಕೊಡುತ್ತಿದ್ದ. ಒಬ್ಬ ಕಡಿಮೆ ಬಿದ್ದ ದಿನ ಬರಿಗಾಲಲ್ಲೇ ಅವನನ್ನು ಇಳಿಸುತ್ತಿದ್ದರು. ಆ ಒಂದೊಂದು ದಿನದ ಆಟವೇ ಅವನ ತಲೆಗೆ ಏರಿ ಅಲ್ಲೇ ಉಳಿಯಿತು. ಸಾಹೇಬರು ವರ್ಗವಾಗಿ ಹೋದರು, ಅರ್ಧ ಕ್ವಾರ್ಟರ್ಸಿಗೆ ಬೀಗ ಬಿತ್ತು, ಕಂಬಗಳು ತುಕ್ಕು ಹಿಡಿದವು. ಕಾಳಪ್ಪ ತನ್ನ ಮಗ ರವಿಕುಮಾರನಿಗೂ ಮಗಳು ಸುಕನ್ಯಾಗೂ ಅದೇ ಅಂಗಳದಲ್ಲಿ ಚೆಂಡು ಪುಟಿಸುವುದನ್ನು ಕಲಿಸಿದ.

ನಾನು ಅವನನ್ನು ಕಾಡುತ್ತಿದ್ದೆ. ‘ತಳಾ ಇಲ್ಲದ ಬುಟ್ಟಿಗೆ ಚೆಂಡು ಹಾಕೂದು, ಅದು ಕೆಳಗ ಬಿದ್ದಕೂಡ್ಲೇ ಕುಣಿಯೂದು. ಇದೆಂಥಾ ಆಟೋ ಕಾಳಪ್ಪ?’

‘ತಳಾ ಇದ್ರ ಅದು ನಿಮ್ಮ ಗಲ್ಲಾ ಆಕ್ಕಿತ್ರಿ ಮದಾರಸಾಬ್ರ,’ ಅನ್ನುತ್ತಿದ್ದ. ‘ಹಾಕಿದ್ದು ಮತ್ತ ಹೊರಗ ಬರ್ತಿದ್ದಿಲ್ಲ.’

ಆದರೆ ನಾನು ಬರೆಯಹೊರಟದ್ದು ಅವನ ಬಗ್ಗೆ ಅಲ್ಲ, ಅವನ ಹೆಂಡತಿ ಹುಲಿಗವ್ವನ ಬಗ್ಗೆ. ಆ ಮನೆಯಲ್ಲಿ ಆ ಆಟವನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಅವಳೇ.

ಹುಲಿಗವ್ವ ಅಳವಂಡಿ ಕಡೆಯವಳು. ಇಲ್ಲಿನ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ, ನಗು ಇನ್ನೂ ಕಡಿಮೆ, ಆದರೆ ನಕ್ಕಾಗ ಪೂರ್ತಿ ನಗುವವಳು. ಅವಳು ಮದುವೆಯಾಗಿ ಬಂದ ವಾರದಲ್ಲೇ ಮಾವ ಕಾಲುವೆಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಆ ಮೆಟ್ಟಿಲ ಮೇಲೆ ಪಾಚಿ ಕಟ್ಟಿ ಎಷ್ಟೋ ವರ್ಷವಾಗಿತ್ತು. ಆದರೆ ಪಾಚಿ ಮನೆಗೆ ಹೊಸದಾಗಿ ಬಂದ ಸೊಸೆಯಲ್ಲವಲ್ಲ. ಅತ್ತೆ ಶಂಕ್ರಮ್ಮ ಓಣಿಯಲ್ಲಿ ನಿಂತು, ‘ಕಾಲ್ಗುಣ ನೋಡ್ರೆವ್ವ ಈಕಿದು,’ ಅಂದಳು. ಅಂದಿನಿಂದ ಹಾಲು ಒಡೆದರೂ, ಮೇಕೆ ಸತ್ತರೂ, ಹಬ್ಬದ ದಿನ ಕರೆಂಟು ಹೋದರೂ ಕಾರಣ ಹುಡುಕಲು ಆ ಮನೆಯವರು ಬಾಗಿಲು ದಾಟಬೇಕಾಗಿರಲಿಲ್ಲ. ಶಂಕ್ರಮ್ಮ ತೀರಿಕೊಂಡಳು. ಅವಳ ಸೀರೆಗಳನ್ನು ಹಂಚಿದರು, ಮಂಚ ಮಾರಿದರು. ಆ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಕೊರೊನಾ ಮುಗಿದ ಮೇಲೆ ದೇಶದ ಮಟ್ಟದ ಒಂದು ಬಾಸ್ಕೆಟ್‌ಬಾಲ್ ಲೀಗು ಶುರುವಾಯಿತು. ಅದರಲ್ಲಿ ಹುಬ್ಬಳ್ಳಿ ಹಾಕ್ಸ್ ಎಂಬ ತಂಡ. ನಮ್ಮ ಕಾಲೊನಿಯ ಅಟೆಂಡರನ ಮಗ, ತೆಂಗಿನ ಗಿಡದಂತೆ ಬೆಳೆದಿದ್ದ ಯಮನೂರ, ಆ ತಂಡಕ್ಕೆ ಆಯ್ಕೆಯಾದ. ತುಕ್ಕು ಹಿಡಿದ ಕಂಬದ ಕೆಳಗೆ ಕಲಿತ ಹುಡುಗ ಟಿವಿಯಲ್ಲಿ ಬರುತ್ತಾನೆಂದರೆ ಕೇಳಬೇಕೆ. ಕಾಳಪ್ಪ ನನ್ನ ಅಂಗಡಿಯಿಂದ ದೊಡ್ಡ ಟಿವಿ ಒಯ್ದ. ಮೊದಲ ಆಟದ ಸಂಜೆ ಅರ್ಧ ಕಾಲೊನಿ ಅವನ ನಡುಮನೆಯಲ್ಲಿ ಕೂತಿತ್ತು. ಡಿಶ್ ಕೂಡಿಸಲು ಹೋದ ನಾನೂ ಚಹಾದ ಆಸೆಗೆ ಉಳಿದೆ.

ಹುಬ್ಬಳ್ಳಿಯವರು ಸೋಲುತ್ತಿದ್ದರು. ಕೊನೆಯ ಕ್ವಾರ್ಟರ್ ಶುರುವಾದಾಗ ಬೀದಿಯ ನಳ ಬಂತು. ಹುಲಿಗವ್ವ ಕೊಡ ಎತ್ತಿಕೊಂಡು ಹೊರಗೆ ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ಬುಟ್ಟಿಗೆ ಚೆಂಡು ಬೀಳತೊಡಗಿತು. ಅವಳು ಕೊಡ ತುಂಬಿಸಿ ತರುವಷ್ಟರಲ್ಲಿ ತಂಡ ಗೆದ್ದಿತ್ತು, ಜನ ಒಬ್ಬರ ಮೈಮೇಲೆ ಒಬ್ಬರು ಬಿದ್ದಿದ್ದರು.

‘ಹುಲಿಗವ್ವ ಎದ್ದು ಹೋದ್ಲು, ಗೆದ್ರು ನೋಡು,’ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಎರಡನೆಯ ಆಟ ಅವಳು ಕೂತು ನೋಡತೊಡಗಿದಳು. ಕಾಲು ಗಂಟೆಯಲ್ಲೇ ತಂಡ ಹಳ್ಳ ಹಿಡಿದಿತ್ತು. ಆಗ ಯಾರೂ ನಗಲಿಲ್ಲ. ಅವಳೇ ಎದ್ದು ಅಡುಗೆಮನೆಗೆ ಹೋದಳು, ಆದರೂ ಸೋತರು. ಅಡುಗೆಮನೆ ಎಂದರೆ ಒಳಗೇ ಆಯಿತಲ್ಲ ಎಂದು ತೀರ್ಮಾನವಾಯಿತು. ಮೂರನೆಯ ಆಟಕ್ಕೆ ಕಾಳಪ್ಪ ಮೆಲ್ಲಗೆ, ‘ಏ, ಆ ಅಕ್ಕಿ ಹಸನು ಮಾಡೂದು ಐತೆಲ್ಲ, ಕಟ್ಟಿ ಮ್ಯಾಲ ಕುಂತು ಮಾಡು, ಗಾಳಿ ಐತಿ,’ ಅಂದ. ತಂಡ ಗೆದ್ದಿತು.

ಅಲ್ಲಿಗೆ ಮುಗಿಯಿತು. ಆಟವಿದ್ದ ದಿನ ಹುಲಿಗವ್ವ ಮನೆ ಮುಂದಿನ ಕಟ್ಟೆಯ ಮೇಲೆ. ಮೊದಮೊದಲು ಅಕ್ಕಿ, ಮೆಣಸಿನಕಾಯಿ ಎಂದು ಏನಾದರೊಂದು ನೆಪ ಇರುತ್ತಿತ್ತು. ಆಮೇಲೆ ನೆಪ ಬೇಡವಾಯಿತು. ಆಟ ಶುರುವಾಗುವ ಹೊತ್ತಿಗೆ ಅವಳೇ ಎದ್ದು ಹೋಗುವಳು, ಪಾಳಿ ಬದಲಾಯಿಸುವ ಕೆಲಸಗಾರನ ಹಾಗೆ.

ಹಾಗಂತ ಅವಳು ಹೊರಗಿದ್ದಾಗ ತಂಡ ಸೋಲುತ್ತಿರಲಿಲ್ಲವೆಂದಲ್ಲ. ಬೇಕಾದಷ್ಟು ಸಲ ಸೋತಿತು. ನಾನು ವ್ಯಾಪಾರಸ್ಥ, ಬಂದದ್ದನ್ನೂ ಹೋದದ್ದನ್ನೂ ತೂಗಿ ನೋಡುವವನು. ಒಮ್ಮೆ ಕಾಳಪ್ಪನನ್ನು ಕೇಳಿದೆ.

‘ನಿನ್ನೆ ನಿನ್ನ ಹೇಣ್ತಿ ಹೊರಗ ಇದ್ಲಲ್ಲೋ. ಮತ್ತ ಯಾಕ ಸೋತ್ರು?’

‘ನಡುವ ಸ್ಕೋರ್ ಎಷ್ಟಾತು ಅಂತ ಕೇಳಿದ್ಲರಿ.’

‘ಮೊನ್ನೆ?’

‘ಮೊನ್ನೆ ಕಿಟಕಿ ಕಡೆ ಮಾರಿ ಮಾಡಿ ಕುಂತಿದ್ಲು.’

ಅದಕ್ಕೆ ಅವಳನ್ನು ಕಾಲುವೆಯ ಕಡೆ ಮುಖ ಮಾಡಿ ಕೂರಿಸಿದರು. ಕಿಟಕಿಗೆ ಪರದೆ ಹಾಕಿದರು. ಹೀಗೆ ಪ್ರತಿ ಸೋಲಿಗೂ ಒಂದು ಕಾರಣ ಸಿಗುತ್ತಿತ್ತು, ಪ್ರತಿ ಕಾರಣಕ್ಕೂ ಹುಲಿಗವ್ವನ ಕೂರುವ ಜಾಗ ಒಂದು ಮೊಳ ಆಚೆ ಸರಿಯುತ್ತಿತ್ತು. ಇನ್ನೊಂದು ಸೀಸನ್ ಕಳೆದರೆ ಇವಳು ಕಾಲುವೆಯ ಆ ದಂಡೆಗೆ ಹೋಗುತ್ತಾಳೆ ಎಂದು ನಾನು ನಗುತ್ತಿದ್ದೆ.

ಮರುವರ್ಷ ಯಮನೂರ ಹೆಚ್ಚು ದುಡ್ಡಿಗೆ ಬೇರೆ ತಂಡಕ್ಕೆ ಹೋದ. ಕಾಲೊನಿಯ ಜನರೂ ಅವನ ಹಿಂದೆಯೇ ಆ ತಂಡಕ್ಕೆ ಹೋದರು. ಕಾಳಪ್ಪನ ಮನೆಯವರು ಹೋಗಲಿಲ್ಲ. ‘ಒಂದ್ಸಲ ನಮ್ಮವರು ಅಂದ್ವಿ, ಮುಗೀತು,’ ಅಂದವಳು ಹುಲಿಗವ್ವ. ಆವರೆಗೆ ಆ ಮನೆಯ ನಡುಮನೆ ತುಂಬುತ್ತಿತ್ತು. ಆಮೇಲೆ ಒಳಗೆ ಮೂವರು, ಹೊರಗೆ ಒಬ್ಬಳು.

ಹೊರಗೆ ಕೂತು ಅವಳು ಏನು ಮಾಡುತ್ತಾಳೆ ಎಂಬ ಕುತೂಹಲ ನನಗೆ. ನಮ್ಮ ಮನೆಗೆ ಹೋಗುವ ದಾರಿ ಅದೇ. ಒಂದು ಸಂಜೆ ನಿಂತು ಕೇಳಿದೆ. ಅವಳು ಬೆರಳು ತುಟಿಗಿಟ್ಟುಕೊಂಡಳು.

‘ತಡೀರಿ ಅಣ್ಣಾ. ಆ ಉದ್ದನ್ನ ಸರದಾರ ಹುಡುಗಗ ಫೌಲ್ ಸಿಕ್ಕೈತಿ. ಅಂವ ಚೆಂಡು ಹಾಕೂಕಿಂತ ಮದ್ಲ ನೆಲಕ್ಕ ಪುಟಸ್ತಾನ. ಕೇಳ್ರಿ.’

ಟಿವಿಯಿಂದ ಟಪ್, ಟಪ್, ಟಪ್ ಎಂದು ಕೇಳಿಸಿತು. ಆಮೇಲೆ ಸದ್ದು ನಿಂತಿತು.

‘ಈಗ ಕೈಯಾಗ ಹಿಡದಾನ,’ ಅಂದಳು. ಉಸಿರು ಬಿಗಿಹಿಡಿದು ಕೂತಳು. ಒಳಗೆ ಕಾಳಪ್ಪ ತೊಡೆ ತಟ್ಟಿಕೊಂಡ ಸದ್ದು ಬಂತು. ‘ಬಿತ್ತು,’ ಅಂದಳು, ನಕ್ಕಳು.

ಗಂಡ ತೊಡೆ ತಟ್ಟಿದರೆ ನಮಗೆ ಪಾಯಿಂಟು, ಮಗ ಕೆಮ್ಮಿದರೆ ಎದುರಿನವರಿಗೆ, ಮಗಳು ‘ಅಯ್ಯ’ ಅಂದರೆ ಯಾರೋ ಬಿದ್ದಿದ್ದಾರೆ. ಗೋಡೆಯ ಈಚೆ ಕೂತು ಅವಳು ಇಡೀ ಆಟ ಕಟ್ಟಿಕೊಳ್ಳುತ್ತಿದ್ದಳು. ಸರದಾರ ಹುಡುಗನೆಂದರೆ ತಂಡದ ಸಿಖ್ ಆಟಗಾರ; ಅವನ ಮೊಣಕಾಲು ನೋವು ಅವಳ ಸ್ವಂತ ಚಿಂತೆಯಾಗಿತ್ತು. ಮಂಗಳವಾರ ಹುಲಿಗಿಯ ಗುಡಿಗೆ ಹೋದಾಗ ಅಮ್ಮನ ಮುಂದೆ ಅವನ ಮೊಣಕಾಲಿಗೆಂದು ಒಂದು ಕಾಯಿ ಹೆಚ್ಚಿಗೆ ಒಡೆಸುತ್ತಿದ್ದಳು. ಅವನ ಮುಖ ಹೇಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಮುಗಿದುಹೋದ ಆಟವನ್ನಾದರೂ ಮಗಳ ಮೊಬೈಲಿನಲ್ಲಿ ನೋಡಬಾರದೇ ಅಂದರೆ, ‘ಮುಗದದ್ದು ಅಂತ ನಮಗ ಗೊತ್ತು, ನನ್ನ ಗುಣಕ್ಕ ಹ್ಯಾಂಗ ಗೊತ್ತಾಗ್ಬೇಕು,’ ಅನ್ನುವಳು. ಹೇಳುವಾಗ ಮುಖದಲ್ಲಿ ತಮಾಷೆಯಿತ್ತೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಮೂರನೆಯ ಸೀಸನ್ನಿನಲ್ಲಿ ತಂಡ ಚೆನ್ನಾಗಿ ಆಡತೊಡಗಿತು. ರವಿಕುಮಾರ ಗಿಣಿಗೇರಿಯ ಹತ್ತಿರದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅವನು ರಜೆ ಹಾಕಿ, ಹುಬ್ಬಳ್ಳಿಯಲ್ಲೇ ನಡೆಯುವ ಒಂದು ಆಟಕ್ಕೆ ಟಿಕೀಟು ತೆಗೆಸಿದ. ನಾನೂ ಮಾಲು ನೋಡಲು ಹುಬ್ಬಳ್ಳಿಗೆ ಹೋಗುವವನಿದ್ದೆ. ಕಾಳಪ್ಪ ನನಗೂ ಒಂದು ಟಿಕೀಟು ತೆಗೆಸಿದ. ಬೆಳಗಿನ ರೈಲಿಗೆ ನಿಲ್ದಾಣಕ್ಕೆ ಬಂದರೆ ಹುಲಿಗವ್ವ ಬುತ್ತಿಗಂಟು ಹಿಡಿದು ನಿಂತಿದ್ದಳು.

‘ಅಂತೂ ತಂಗೀನ್ನ ಒಳಗ ಬಿಟ್ಟಿ,’ ಅಂದೆ ಕಾಳಪ್ಪನಿಗೆ.

ಅವನು ಸಂಕೋಚದಿಂದ ಹಳಿ ನೋಡಿದ. ‘ಇಲ್ರಿ. ಆಕಿಗೆ ಟಿಕೀಟು ತಗದಿಲ್ಲ. ಬಾಗಲದಾಗ ಕುಂದರ್ತಾಳ.’

‘ಹೊರಗ ಕುಂದರಾಕ ಹುಬ್ಬಳ್ಳೀತನ ಯಾಕ ಬರ್ಬೇಕೋ? ಮುನಿರಾಬಾದ್ ಹೊರಗ ಅಲ್ಲೇನು?’

‘ಅಷ್ಟ ದೂರದಿಂದ ಕೆಲಸ ಮಾಡತೈತೋ ಇಲ್ಲೋ ಯಾರಿಗೆ ಗೊತ್ರಿ. ದಿನಾ ಹ್ಯಾಂಗ ಬಾಗಲದಿಂದ ಆಚಿಗೆ ಇರ್ತಾಳ, ಹಂಗ ಇರ್ಬೇಕು.’

ರೈಲಿನಲ್ಲಿ ಸುಕನ್ಯಾ ಮುಖ ಊದಿಸಿಕೊಂಡು ಕೂತಿದ್ದಳು. ಕೊಪ್ಪಳದಲ್ಲಿ ಡಿಗ್ರಿ ಓದುವ ಹುಡುಗಿ. ‘ಅಪ್ಪಾ, ಇದು ಹುಚ್ಚು,’ ಎಂದು ಒಂದು ಸಲ ಅಂದಳು. ಹುಲಿಗವ್ವನೇ, ‘ಸುಮ್ನಿರ ಕೂಸ. ಗೆದ್ರ ಸಾಕು,’ ಅಂದಳು.

ಕ್ರೀಡಾಂಗಣದ ಬಾಗಿಲಲ್ಲಿ ಶೇಂಗಾ ಮಾರುವವನ ಪಕ್ಕ ಒಂದು ಸಿಮೆಂಟಿನ ಮೆಟ್ಟಿಲು. ಅಲ್ಲಿ ಅವಳನ್ನು ಕೂರಿಸಿ ಮೂವರೂ ಒಳಗೆ ಹೋದರು. ನಾನೂ ಅವರ ಜೊತೆ ಹೋಗಿ ಒಂದು ಕ್ವಾರ್ಟರ್ ನೋಡಿದೆ. ಹತ್ತು ಮಂದಿ ಗಂಡಸರು ಒಂದು ಚೆಂಡಿಗೆ ಆಕಡೆ ಈಕಡೆ ಓಡುವುದನ್ನು ಎಷ್ಟು ಹೊತ್ತು ನೋಡುವುದು. ಎದ್ದು ಹೊರಗೆ ಬಂದೆ.

‘ತಂಗಿ, ತಗೋ ನನ್ನ ಟಿಕೀಟು. ಒಳಗ ಹೋಗಿ ಹಿಂದಿನ ಸಾಲಿನ್ಯಾಗ ನಿಂತು ನೋಡಿ ಬಾ. ಕಾಳಪ್ಪಗ ಕಾಣಂಗಿಲ್ಲ.’

ಟಿಕೀಟು ತೆಗೆದುಕೊಂಡಳು. ಮುಖದ ಹತ್ತಿರ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದಳು. ಅದರ ಮೇಲೆ ಆಟಗಾರರ ಚಿತ್ರವಿತ್ತು.

‘ಇದರಾಗ ಸರದಾರ ಹುಡುಗ ಯಾವನ್ರಿ?’

‘ನಡುವ ನಿಂತಾನಲ್ಲ, ದೊಡ್ಡದಾಗಿ. ಕಾಣ್ತಿಲ್ಲೇನು?’

‘ಬಣ್ಣ ಕಾಣತೈತ್ರಿ. ಮಾರಿ ಕಾಣೂದಿಲ್ಲ.’ ಟಿಕೀಟು ಮರಳಿ ಕೊಟ್ಟಳು. ಆಮೇಲೆ ತಾನಾಗಿ ಹೇಳಿದಳು, ಸಾಲೆಯ ಅಕ್ಕಿಯಲ್ಲಿ ಹುಳ ಬಿದ್ದಿದೆ ಅನ್ನುವ ದನಿಯಲ್ಲಿ. ಬಲಗಣ್ಣು ಕಳೆದ ಬೇಸಿಗೆಯಿಂದ ಪೂರಾ ಮಸುಕು. ಈಗ ಎಡಗಣ್ಣಲ್ಲೂ ಕಪ್ಪು ಎಳೆ ಎಳೆಯಾಗಿ ಏನೋ ಓಡಾಡುತ್ತದೆ. ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು, ಗುಳಿಗೆ ನೆನಪಾದಾಗ ನುಂಗುತ್ತಿದ್ದಳು.

‘ಮನ್ಯಾಗ ಹೇಳಿಲ್ಲೇನು?’

‘ಸೀಸನ್ ನಡದೈತಲ್ರಿ. ನಾ ದವಾಖಾನಿ ಅಂತ ಕುಂತ್ರ ಇವರು ಆಟ ಹ್ಯಾಂಗ ನೋಡ್ತಾರ?’ ಸ್ವಲ್ಪ ಹೊತ್ತು ಒಳಗಿನ ಗದ್ದಲ ಕೇಳುತ್ತಾ ಕೂತಳು. ‘ನನಗ ಒಂದ ಆಸೆ ಐತ್ರಿ ಅಣ್ಣಾ. ಕಣ್ಣು ಪೂರಾ ಹೋಗೂಕಿಂತ ಮದ್ಲ ಒಂದ ಆಟ ನೋಡ್ಬೇಕು. ಮದ್ಲಿಂದ ಕಡೀತನ, ಒಳಗ ಕುಂತು. ಈಗಲ್ಲ. ಈ ಸಲ ಕಪ್ಪು ಬರೂವಂಗ ಐತಂತ. ಕಪ್ಪು ಬಂದ್ಮ್ಯಾಲ ನಾ ನೋಡಿದ್ರೂ ಹೋಗೂದು ಏನೂ ಇರೂದಿಲ್ಲಲ್ರಿ?’

‘ಈಗ ಹೋಗು, ಹುಚ್ಚಿ,’ ಅಂದೆ. ಹೋಗಲಿಲ್ಲ. ಆ ದಿನ ತಂಡ ಗೆದ್ದಿತು. ಮೂವರೂ ಕುಣಿಯುತ್ತಾ ಹೊರಗೆ ಬಂದರು. ಕಾಳಪ್ಪ ಹೆಂಡತಿಯ ಭುಜ ತಟ್ಟಿ, ಜನರೆಲ್ಲ ಕೇಳುವಂತೆ, ‘ಗೆಲ್ಲಿಸಿದಾಕಿ ಈಕಿ,’ ಅಂದ. ಅವಳ ಮುಖ ನೋಡಬೇಕಿತ್ತು. ಅಂಥ ಹೊಗಳಿಕೆ ಆ ಮನೆಯಲ್ಲಿ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಊರಿಗೆ ಬಂದ ಮೇಲೆ ನಾನು ಕಾಳಪ್ಪನನ್ನು ಅಂಗಡಿಗೆ ಕರೆದು ಕಣ್ಣಿನ ಸಂಗತಿ ಹೇಳಿಬಿಟ್ಟೆ. ಅವನು ಬೆಂಚಿನ ಮೇಲೆ ಕೂತ. ‘ಸಾಲ್ಯಾಗ ಎರಡ್ಸಲ ಕೈ ಸುಟಗೊಂಡಿದ್ಲು,’ ಅಂದ. ‘ನಾ ಬೈದಿದ್ದೆ.’ ಮರುದಿನವೇ ಕೊಪ್ಪಳದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದ. ಸಕ್ಕರೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿದೆ, ಹೋದದ್ದು ಬರುವುದಿಲ್ಲ, ಲೇಸರ್ ಮಾಡಿದರೆ ಎಡಗಣ್ಣು ಕೆಲವು ತಿಂಗಳು ತಡೆದೀತು, ಬಹಳ ಮೊದಲೇ ಬರಬೇಕಿತ್ತು ಎಂದು ಡಾಕ್ಟರರು ಹೇಳಿದರು. ಲೇಸರ್ ಮಾಡಿಸಿದರು. ಅದೇ ವಾರ ಹುಬ್ಬಳ್ಳಿ ತಂಡ ಫೈನಲ್ ತಲುಪಿತು.

ಫೈನಲ್ಲು ಬೇರೆ ರಾಜ್ಯದಲ್ಲಿತ್ತು, ಟಿವಿಯಲ್ಲೇ ನೋಡಬೇಕು. ಆ ಭಾನುವಾರ ಸಂಜೆ ಡಿಶ್ ಸರಿಯಾಗಿ ಬರುತ್ತದೋ ನೋಡಿ ಹೋಗಿರೆಂದು ರವಿಕುಮಾರ ನನ್ನನ್ನು ಕರೆದಿದ್ದ. ನಾನು ಹೋದಾಗ ಮನೆಯಲ್ಲಿ ವಾದ ನಡೆದಿತ್ತು.

‘ಇವತ್ತ ಅವ್ವ ಒಳಗ ಕುಂದರ್ಲಿ,’ ಸುಕನ್ಯಾ ಅನ್ನುತ್ತಿದ್ದಳು. ‘ಡಾಕ್ಟರ್ ಏನಂದ್ರು ಕೇಳಿದ್ಯಲ್ಲ ಅಪ್ಪಾ. ಮುಂದಿನ ವರ್ಷ ಅಂತ ಕುಂತ್ರ ಆಕಿಗೆ ಏನ್ ಕಾಣತೈತಿ?’

‘ಕುಂದರ್ಲಿ. ನಾ ಬ್ಯಾಡ ಅಂದೆನೇನು?’ ಅಂದ ಕಾಳಪ್ಪ. ಅವನ ದನಿ ಮಾತ್ರ ಬೇರೆ ಹೇಳುತ್ತಿತ್ತು. ರವಿಕುಮಾರ ರಿಮೋಟಿನ ಬ್ಯಾಟರಿ ತೆಗೆದು ಹಾಕಿ ಮಾಡುತ್ತಿದ್ದ.

‘ಅಣ್ಣಾ, ನೀನಾರ ಹೇಳೋ,’ ಎಂದು ಸುಕನ್ಯಾ ಅವನ ಕಡೆ ತಿರುಗಿದಳು.

‘ನಾ ಏನ್ ಹೇಳ್ಲಿ,’ ಅಂದ ಅವನು, ತಲೆಯೆತ್ತದೆ. ‘ಫೈನಲ್ ಐತಿ.’

ಹುಲಿಗವ್ವ ನಡುಮನೆಯ ಚಾಪೆಯ ತುದಿಯಲ್ಲಿ ನಿಂತಿದ್ದಳು. ಅವಳಿಗಾಗಿ ಸುಕನ್ಯಾ ಟಿವಿಯ ಎದುರಿಗೇ ಒಂದು ಕುರ್ಚಿ ಇಟ್ಟಿದ್ದಳು. ಹುಲಿಗವ್ವ ಅದರ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿದಳು. ಕೂರುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

‘ಕಪ್ಪು ಬರ್ಲಿ,’ ಅಂದಳು. ‘ಮುಂದಿನ ವರ್ಷ ನಾ ಒಬ್ಬಾಕಿನ ಒಳಗ ಕುಂದರ್ತೀನಿ. ನೀವೆಲ್ಲಾ ಹೊರಗ ಕುಂದರ್ರಿ.’

ಎಲ್ಲರೂ ನಕ್ಕರು. ಕಾಳಪ್ಪನಿಗೆ ಹೋದ ಜೀವ ಬಂದಂತಾಯಿತು. ‘ಮುಂದಿನ ವರ್ಷ ಹುಬ್ಬಳ್ಳಿಗೆ ಕರ್ಕೊಂಡ ಹೋಗ್ತೀನಿ. ಮುಂದಿನ ಸಾಲಿನ್ಯಾಗ ಕುಂದರಸ್ತೀನಿ. ಆಣಿ ಮಾಡಿ ಹೇಳ್ತೀನಿ,’ ಅಂದ. ಡಾಕ್ಟರರು ವರ್ಷದ ಮಾತು ಆಡಿರಲಿಲ್ಲ, ತಿಂಗಳ ಮಾತು ಆಡಿದ್ದರು. ಅದನ್ನು ಯಾರೂ ನೆನಪಿಸಲಿಲ್ಲ. ಸುಕನ್ಯಾ ಕೂಡ.

ನಾನು ಹುಲಿಗವ್ವನ ಜೊತೆ ಕಟ್ಟೆಯ ಮೇಲೆ ಕೂತೆ. ಅವಳು ಕಾಲುವೆಯ ಕಡೆ ಮುಖ ಮಾಡಿದಳು. ಸಾಲದೆಂಬಂತೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು.

‘ಇದ್ಯಾಕ? ಪರದೆ ಐತೆಲ್ಲ.’

‘ಇರ್ಲಿ ಬಿಡ್ರಿ. ಇವತ್ತ ಸುಮ್ನ ಏನೂ ಹೆಚ್ಚುಕಡಿಮಿ ಆಗಬಾರ್ದು.’

ಆಟ ಹಗ್ಗ ಜಗ್ಗಿದ ಹಾಗೆ ನಡೆಯಿತು. ಕಾಳಪ್ಪನ ತೊಡೆ, ರವಿಕುಮಾರನ ಕೆಮ್ಮು, ಮತ್ತೆ ತೊಡೆ. ನಡುವೆ ಎಮ್ಮೆ ಹೊಡೆದುಕೊಂಡು ಹೋಗುವವನೊಬ್ಬ ‘ಎಷ್ಟಾತವ್ವಾ?’ ಅಂದ. ಅವಳು ಕೈಬೀಸಿ ಅವನನ್ನು ಓಡಿಸಿದಳು. ಕೊನೆಯ ಕ್ವಾರ್ಟರಿನ ಕೊನೆಗೆ ಒಳಗೆ ಎಲ್ಲರೂ ಎದ್ದು ನಿಂತದ್ದು ತಿಳಿಯಿತು. ನಮ್ಮವರು ಒಂದು ಪಾಯಿಂಟು ಹಿಂದೆ, ಸರದಾರ ಹುಡುಗನಿಗೆ ಫೌಲ್ ಸಿಕ್ಕಿದೆ ಎಂದು ಟಿವಿಯವನು ಕೂಗುತ್ತಿದ್ದ. ಎರಡು ಸಲ ಹಾಕುವ ಅವಕಾಶ. ಒಂದು ಬಿದ್ದರೆ ಸಮ, ಎರಡೂ ಬಿದ್ದರೆ ಕಪ್ಪು.

ಟಪ್, ಟಪ್, ಟಪ್. ಹುಲಿಗವ್ವ ಉಸಿರು ಹಿಡಿದಳು. ಒಳಗೆ ಸದ್ದಿಲ್ಲ. ಮತ್ತೆ ಟಪ್, ಟಪ್, ಟಪ್. ಟಿವಿಯೊಳಗೆ ಜನ ಹೋ ಎಂದರು, ಆದರೆ ಅದು ನಮ್ಮ ಜನರ ದನಿಯಲ್ಲ. ತೊಡೆ ತಟ್ಟಿದ ಸದ್ದು ಬರಲೇ ಇಲ್ಲ.

ಅವಳು ಸೆರಗು ತೆಗೆಯಲಿಲ್ಲ. ‘ಮೊಣಕಾಲು ನೂಸಿರ್ಬೇಕು,’ ಅಂದಳು ಸಣ್ಣಗೆ.

ಬಹಳ ಹೊತ್ತಿನ ಮೇಲೆ ಕಾಳಪ್ಪ ಹೊರಗೆ ಬಂದ. ಹತ್ತು ವರ್ಷ ಹೆಚ್ಚಾದವನಂತೆ ಬಾಗಿಲ ಚೌಕಟ್ಟು ಹಿಡಿದು ನಿಂತ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

‘ನೋಡಿದೇನು?’ ಅಂದ.

‘ಹೂಂ,’ ಅಂದಳು ಹುಲಿಗವ್ವ. ‘ಕಡೀಕ ತಡಕೊಳ್ಳಾಕ ಆಗ್ಲಿಲ್ಲ. ಪರದೆ ಸರಸಿ ಕಿಟಕ್ಯಾಗ ನೋಡಿದೆ.’

ಅವನು ಕಿಟಕಿ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಕಾಲುವೆ ನೋಡುತ್ತಿದ್ದೆ. ಅವನು ಒಳಗೆ ಹೋದ.

‘ಯಾಕವ್ವಾ ಹಂಗಂದಿ?’ ಎಂದು ಮೆಲ್ಲಗೆ ಕೇಳಿದೆ. ‘ನೀ ಕದಲಿಲ್ಲ. ನಾ ಬಾಜೂಕ ಕುಂತೀನಿ.’

‘ನೋಡಿಲ್ಲ ಅಂದ್ರ, ಇಷ್ಟ ವರ್ಷ ನನ್ನ ಹೊರಗ ಕುಂದರಿಸಿದ್ದು ಸುಮ್ನ ಅಂತ ಆಕೈತಲ್ರಿ,’ ಅಂದಳು. ‘ಅದು ಅವರಿಗೆ ಗೊತ್ತಾಗಬಾರ್ದು. ನನಗ ಗೊತ್ತಾತು, ಸಾಕು.’

ಸೆರಗಿನಿಂದ ಮುಖ ಒರೆಸಿಕೊಂಡು, ಅಡುಗೆಗೆ ಹೊತ್ತಾಯಿತೆಂದು ಎದ್ದಳು. ಕಟ್ಟೆಯಿಂದ ಇಳಿಯುವಾಗ ಮೆಟ್ಟಿಲನ್ನು ಕಾಲಿನಿಂದ ಹುಡುಕಿದಳು.

ಊರಿನ ಬಾಯಿ ನಿಮಗೆ ಗೊತ್ತು. ಹುಲಿಗವ್ವ ಹಣಿಕಿ ಹಾಕಿದ್ದಕ್ಕೆ ಕಪ್ಪು ಹೋಯಿತು ಎಂದು ಕಾಲೊನಿಯಲ್ಲೆಲ್ಲ ಹರಡಿತು. ಆ ತಂಡವನ್ನು ಎಂದೋ ಬಿಟ್ಟವರೂ ಮರುಗಿದರು. ಮಳೆಗಾಲ ಕಳೆಯುವ ಹೊತ್ತಿಗೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಹುಬ್ಬಳ್ಳಿ ತಂಡದ ಮಾಲೀಕರು ನಷ್ಟವೆಂದು ಕೈಬಿಟ್ಟಿದ್ದಾರೆ, ಮತ್ತೆರಡು ತಂಡಗಳೂ ಮುಚ್ಚಿವೆ, ಲೀಗು ಇನ್ನು ನಡೆಯುವುದಿಲ್ಲ. ವ್ಯಾಪಾರಸ್ಥನಾಗಿ ನನಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಖಾಲಿ ಕುರ್ಚಿಗಳನ್ನು ಹುಬ್ಬಳ್ಳಿಯಲ್ಲಿ ನಾನೇ ನೋಡಿದ್ದೆ. ಆದರೆ ಕಾಲೊನಿಯ ಲೆಕ್ಕ ಬೇರೆಯಿತ್ತು. ಆ ಕಪ್ಪು ಬಂದಿದ್ದರೆ ತಂಡ ಉಳಿಯುತ್ತಿತ್ತು, ಹುಲಿಗವ್ವ ನೋಡದಿದ್ದರೆ ಕಪ್ಪು ಬರುತ್ತಿತ್ತು. ನಳದ ಹತ್ತಿರ ಹೆಂಗಸರು ಅವಳ ಎದುರಿಗೇ ಅಂದರು. ಅವಳು ಕೊಡ ತುಂಬಿಸಿಕೊಂಡು ಬಂದಳಂತೆ.

ದೀಪಾವಳಿ ಕಳೆದ ಮೇಲೆ ಎಡಗಣ್ಣಿನೊಳಗೆ ರಕ್ತ ಇಳಿಯಿತು. ಹುಬ್ಬಳ್ಳಿಗೆ ಕರೆದೊಯ್ದರು, ಈ ಸಲ ಆಸ್ಪತ್ರೆಗೆ. ಏನೂ ಆಗಲಿಲ್ಲ. ಸಾಲೆಯವರು ಬೇರೆ ಅಡುಗೆಯವಳನ್ನು ಇಟ್ಟುಕೊಂಡರು. ಈಗ ಅವಳಿಗೆ ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಕಾಳಪ್ಪ ರೊಟ್ಟಿ ತಟ್ಟುವುದನ್ನು ಕಲಿತ. ಸುಟ್ಟ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕದೆ ತಾನು ತಿನ್ನುತ್ತಾನೆ ಎಂದು ಸುಕನ್ಯಾ ಹೇಳಿದಳು. ಹೊಸ ಸೀಸನ್ ಶುರುವಾಗಬೇಕಿದ್ದ ತಿಂಗಳು ಬಂತು, ಹೋಯಿತು.

ಮೊನ್ನೆ ಕಾಳಪ್ಪ ಅಂಗಡಿಗೆ ಬಂದ. ಆಟದ ಚಾನೆಲ್ ತೆಗೆದುಬಿಡಿ ಅಂದ. ನಾನು ಕಂಪ್ಯೂಟರಿನಲ್ಲಿ ಅವನ ಹೆಸರು ತೆಗೆಯುತ್ತಾ, ಇವತ್ತು ಹೇಳಿಬಿಡಬೇಕು ಅಂದುಕೊಂಡೆ. ಕಟ್ಟೆಯ ಮಾತು ಅಷ್ಟು ದಿನ ನನ್ನ ಹೊಟ್ಟೆಯಲ್ಲಿ ಕೂತಿತ್ತು. ತಂಡವೇ ಹೋಯಿತು, ಇನ್ನು ಅವಳ ಮೇಲೆ ಆ ಮಾತೊಂದು ಯಾಕೆ ಇರಬೇಕು. ‘ಕಾಳಪ್ಪ, ನಿನ್ನ ಹೇಣ್ತಿ ಫೈನಲ್ ದಿನ—’ ಎಂದು ಶುರು ಮಾಡಿದೆ.

‘ಅದನ್ನ ಹೇಳಾವಿದ್ದೆ ನೋಡ್ರಿ,’ ಅಂದ ಅವನು. ಬೆಂಚಿನ ಮೇಲೆ ಕೂತು ಎರಡೂ ಕೈ ಮೊಣಕಾಲ ನಡುವೆ ಇಟ್ಟುಕೊಂಡಿದ್ದ. ‘ಜನಾ ಆಕೀಗೆ ಅಂತಾರ. ನಾ ಅನ್ನೂದಿಲ್ರಿ. ಹೋದದ್ದು ಹೋತು ಕಪ್ಪು. ಆಕಿ ಅವತ್ತ ನೋಡಿದ್ಲಲ್ರಿ, ಅದೊಂದ ನನಗ ಸಮಾಧಾನ. ಒಂದ್ ಗಳಿಗ್ಯಾರ ಕಣ್ಣಿದ್ದಾಗ ನೋಡಿದ್ಲು. ಅದೂ ಇಲ್ದಿದ್ರ ಆಕಿ ಮುಂದ ನಾ ಹ್ಯಾಂಗ ಕುಂತು ಉಣ್ಲಿ ಹೇಳ್ರಿ.’

ನಾನು ಕಂಪ್ಯೂಟರಿನ ಗುಂಡಿ ಒತ್ತಿದೆ. ಚಾನೆಲ್ ಹೋಯಿತು.

‘ನೀವು ಬಾಜೂಕ ಇದ್ರೆಲ್ರಿ,’ ಅಂದ ಕಾಳಪ್ಪ. ‘ನಾ ಕೇಳಿದ್ರ ಆಕಿ ಹೇಳೂದಿಲ್ಲ. ಕಿಟಕ್ಯಾಗ ನೋಡುವಾಗ ಆಕಿ ಮಾರಿ ಹ್ಯಾಂಗಿತ್ರಿ?’

ಹೊರಗೆ ಒಂದು ಲಾರಿ ಹೋಯಿತು. ಅದು ಪೂರ್ತಿ ಹೋಗುವವರೆಗೆ ಕಾಯ್ದೆ.

‘ನಕ್ಕಿದ್ಲು,’ ಅಂದೆ.

ಕಾಳಪ್ಪ ತಲೆಯಾಡಿಸಿದ. ‘ಹೂಂ,’ ಅಂದ. ಆಮೇಲೆ ಇನ್ನೂ ಏನಾದರೂ ಹೇಳುತ್ತೇನೆಂದು ನನ್ನ ಮುಖ ನೋಡುತ್ತಾ ಅಲ್ಲೇ ಕೂತ.